ಹರ್ನಿಯಾ ಜಾಲರಿ ಅಳವಡಿಕೆಯ ಉಪಕರಣಗಳು
ಹೊಟ್ಟೆಯ ಗೋಡೆಯ ದುರ್ಬಲ ಭಾಗಕ್ಕೆ ಕೃತಕ ಜಾಲರಿಯನ್ನು ಹರಡಿ ನೆಲೆಗೊಳಿಸಲು ಬಳಸುವ ಶಸ್ತ್ರಚಿಕಿತ್ಸಾ ಸಾಧನಗಳು. 1958ರಲ್ಲಿ ಅಮೆರಿಕದ ಫ್ರಾನ್ಸಿಸ್ ಅಷರ್ ಪಾಲಿಎಥಿಲೀನ್ ಜಾಲರಿಯ ಬಳಕೆಯನ್ನು ವರದಿ ಮಾಡಿದರು. ಈಗ ಪಾಲಿಪ್ರೊಪಿಲೀನ್ ಹೆಚ್ಚು ಬಳಕೆಯಲ್ಲಿದೆ. ತೆರೆದ ಶಸ್ತ್ರಚಿಕಿತ್ಸೆಗೆ ಕತ್ತರಿ, ಇಕ್ಕಳ, ನೀಡಲ್ ಹೋಲ್ಡರ್, ಹೊಲಿಗೆ ದಾರ ಸಾಕು. ಸಣ್ಣ ರಂಧ್ರಗಳ ಮೂಲಕ ಮಾಡುವ ಲ್ಯಾಪರೊಸ್ಕೋಪಿಯಲ್ಲಿ ಕೆಲಸ ಹೆಚ್ಚು ಸೂಕ್ಷ್ಮ: ತೊಡೆಸಂದಿನ ಹರ್ನಿಯಾಕ್ಕೆ ಸುಮಾರು 10×15 ಸೆಂ.ಮೀ. ಜಾಲರಿಯನ್ನು ಸುರುಳಿ ಸುತ್ತಿ, ಟ್ರೋಕಾರ್ ಎಂಬ ನಳಿಕೆಯ ಮೂಲಕ ಒಳಸೇರಿಸಿ, ಗ್ರಾಸ್ಪರ್ ಎಂಬ ಉದ್ದ ಇಕ್ಕಳಗಳಿಂದ ಬಿಡಿಸಿ ಹರಡುತ್ತಾರೆ. ಸುಕ್ಕಿಲ್ಲದೆ ಹರಡುವುದೇ ಇಲ್ಲಿ ಮುಖ್ಯ. ಟ್ಯಾಕರ್ ಎಂಬ ಸಾಧನ ಟೈಟಾನಿಯಂನ ಅಥವಾ ದೇಹದಲ್ಲಿ ಕರಗುವ ಪುಟ್ಟ ಮೊಳೆಗಳಿಂದ ಜಾಲರಿಯನ್ನು ಹಿಡಿದಿಡುತ್ತದೆ. ದೊಡ್ಡ ರಕ್ತನಾಳ, ನರಗಳು ಹಾಯುವ ಕೆಳಭಾಗದಲ್ಲಿ ಮೊಳೆ ಹಾಕುವಂತಿಲ್ಲ. ಮಹಾರಾಷ್ಟ್ರದ ದೊಂಡಾಯಿಚಾದ ಶಸ್ತ್ರವೈದ್ಯ ರವೀಂದ್ರನಾಥ ಟೋಂಗಾಂವ್ಕರ್ ಮತ್ತು ಸಂಗಡಿಗರು ಸೊಳ್ಳೆಪರದೆಯ ಬಟ್ಟೆಯನ್ನು ಕ್ರಿಮಿಶುದ್ಧಗೊಳಿಸಿ ಅಗ್ಗದ ಜಾಲರಿಯಾಗಿ ಬಳಸಿದ ಫಲಿತಾಂಶವನ್ನು 2003ರಲ್ಲಿ ಪ್ರಕಟಿಸಿದರು.