ಹಳತಾದ ಅಡಕೆಯ ಬೆಲೆ: ಸೊರಬ–ಶಿಕಾರಿಪುರ ಸೀಮೆಯನ್ನು ಕುರಿತ ಒಂದು ಪರಿಶೀಲನೆ

ಕಾಲ ಕಳೆದಂತೆ ಕೆಡುವ ಪದಾರ್ಥಗಳು ಅನೇಕ. ಕಾಲ ಕಳೆದಂತೆ ಹದಗೊಳ್ಳುವ ಪದಾರ್ಥಗಳು ಕೆಲವೇ. ಹಳೆಯ ಅಕ್ಕಿ, ಹಳೆಯ ಬೆಲ್ಲ, ಹಳೆಯ ಹುಣಿಸೆ ಇವುಗಳಿಗೆ ನಮ್ಮ ಮನೆಗಳಲ್ಲಿಯೂ ವೈದ್ಯಶಾಸ್ತ್ರದಲ್ಲಿಯೂ ಬಹುಕಾಲದಿಂದ ವಿಶೇಷವಾದ ಮನ್ನಣೆಯಿದೆ. ಈ ಎರಡನೆಯ ವರ್ಗದ ಪದಾರ್ಥಗಳು ಆರ್ಥಿಕ ಚರಿತ್ರೆಯ ವಿದ್ಯಾರ್ಥಿಗೆ ಒಂದು ಪ್ರಶ್ನೆಯನ್ನು ಒಡ್ಡುತ್ತವೆ. ಪದಾರ್ಥ ಬೆಳೆದವನು ಒಬ್ಬ. ಅದು ಹಳತಾಗುವವರೆಗೆ ಇಟ್ಟುಕೊಳ್ಳುವವನು ಇನ್ನೊಬ್ಬನಾಗಬಹುದು. ಹಾಗಿದ್ದಲ್ಲಿ ವಯಸ್ಸಿನಿಂದ ಹೆಚ್ಚಿದ ಬೆಲೆ ಯಾರಿಗೆ ಸಲ್ಲುತ್ತದೆ? ಪ್ರಕೃತ ಲೇಖನದಲ್ಲಿ ಈ ಪ್ರಶ್ನೆಯನ್ನು ಅಡಕೆಯ ವಿಷಯದಲ್ಲಿ, ಮುಖ್ಯವಾಗಿ ಶಿವಮೊಗ್ಗ ಜಿಲ್ಲೆಯ ಸೊರಬ ಮತ್ತು ಶಿಕಾರಿಪುರ ತಾಲ್ಲೂಕುಗಳನ್ನು ಕಣ್ಣಮುಂದಿಟ್ಟುಕೊಂಡು ಪರಿಶೀಲಿಸಲು ಯತ್ನಿಸಿದ್ದೇವೆ.

ಮೊದಲು ಸೀಮೆಯ ಸ್ವರೂಪವನ್ನು ಸ್ಥೂಲವಾಗಿ ಹೇಳಬೇಕು. ಪಶ್ಚಿಮದಲ್ಲಿ ಸಾಗರ, ಸಿದ್ದಾಪುರಗಳ ದಟ್ಟ ಮಲೆನಾಡು. ಪೂರ್ವದಲ್ಲಿ ಹಾವೇರಿ ಜಿಲ್ಲೆಯ ಬಯಲು. ಇವೆರಡರ ನಡುವೆ ಇರತಕ್ಕ ಅರೆಮಲೆನಾಡೇ ಈ ಎರಡು ತಾಲ್ಲೂಕುಗಳು. ಕುಮುದ್ವತಿ, ದಂಡಾವತಿ, ವರದಾ ನದಿಗಳ ನೀರೂ ಅಸಂಖ್ಯಾತವಾದ ಕೆರೆಗಳ ನೀರೂ ಇಲ್ಲಿನ ಗದ್ದೆ ತೋಟಗಳಿಗೆ ಆಧಾರ. ಬತ್ತವೇ ಇಲ್ಲಿನ ಪ್ರಧಾನ ಬೆಳೆಯಾಗಿತ್ತು. ಈಚಿನ ದಶಕಗಳಲ್ಲಿ ಗದ್ದೆಗಳಿಗೂ ಅಡಕೆಯ ಸಸಿಗಳು ಇಳಿದಿವೆ. ಆದುದರಿಂದ ಹಿಂದೆ ಕೆಲವೇ ತೋಟಗಾರರ ಚಿಂತೆಯಾಗಿದ್ದ ಅಡಕೆಯ ಧಾರಣೆ ಇಂದು ಸಾಮಾನ್ಯ ರೈತನ ಚಿಂತೆಯೂ ಆಗಿದೆ.

ಈ ನಾಡಿಗೂ ವ್ಯಾಪಾರಕ್ಕೂ ಇರುವ ಸಂಬಂಧ ಪುರಾತನವಾದುದು. ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಸ್ತಂಭಶಾಸನ ಐದನೆಯ ಶತಮಾನದ ಕದಂಬರ ಚರಿತ್ರೆಗೆ ಮೂಲಾಧಾರ. ಅದರ ನೆರೆಯ ಬಳ್ಳಿಗಾವೆ ಚಾಲುಕ್ಯರ ಕಾಲದಲ್ಲಿ ಬನವಾಸಿ ಪನ್ನಿರ್ಚ್ಛಾಸಿರದ ರಾಜಧಾನಿಯಾಗಿ ಮೆರೆದುದು. ಬಿ. ಎಲ್. ರೈಸರು ಶಿಕಾರಿಪುರ ತಾಲ್ಲೂಕಿನ ಶಾಸನಗಳನ್ನು 1902ರಲ್ಲಿ ಹೊರಬಂದ ಎಪಿಗ್ರಾಫಿಯ ಕರ್ನಾಟಿಕದ ಏಳನೆಯ ಸಂಪುಟದಲ್ಲಿಯೂ, ಸೊರಬದ ಶಾಸನಗಳನ್ನು 1904ರ ಎಂಟನೆಯ ಸಂಪುಟದಲ್ಲಿಯೂ ಪ್ರಕಟಿಸಿದರು. ಬಳ್ಳಿಗಾವೆಯ ಒಂದು ಪ್ರಸಿದ್ಧ ಶಾಸನದಲ್ಲಿ ಅಯ್ಯಾವೊಳೆಯ ಐನೂರ್ವರು ಮಾರುತ್ತಿದ್ದ ಸರಕುಗಳ ದೀರ್ಘವಾದ ವರ್ಣನೆಯಿದೆ. ಏಲಕ್ಕಿ, ಲವಂಗ, ಕರ್ಪೂರ, ಕಸ್ತೂರಿ, ಶ್ರೀಗಂಧಗಳು ಅಲ್ಲಿ ಕಾಣಬರುತ್ತವೆ. ಇವುಗಳಲ್ಲಿ ಮೊದಲಿನವು ತಾಂಬೂಲದ ಸಂಗಾತಿಗಳೆಂಬುದನ್ನು ಓದುಗರು ಗಮನಿಸಬಹುದು. ನಾಡಿನ ಸುಂಕದ ಶಾಸನಗಳಲ್ಲಿ ಎಲೆ ಅಡಕೆಗಳು ಹೇರಿನ ಲೆಕ್ಕದಲ್ಲಿ ಬರುತ್ತವೆ. ಅರಸನ ಸುಂಕಿಗನಿಗೆ ಬೇಕಾದುದು ಹೇರು ಎಷ್ಟೆಂಬುದು; ಸರಕಿನ ವಯಸ್ಸಿನ ಗೊಡವೆ ವರ್ತಕನದು.

ಕೆಳದಿಯ ಅರಸರ ಕಾಲದಲ್ಲಿ ಈ ಸೀಮೆಯ ತೋಟಗಳು ರಾಜ್ಯದ ಆದಾಯದ ಮುಖ್ಯ ಅಂಗವಾದವು. 1645ರಿಂದ 1660ರವರೆಗೆ ಆಳಿದ ಶಿವಪ್ಪನಾಯಕನ ಹೆಸರಿಗೆ ಸೇರಿದ ‘ಶಿಸ್ತು’ ಎಂಬ ಕಂದಾಯದ ವ್ಯವಸ್ಥೆ ಸರ್ವವಿದಿತವಾದುದು. ಗದ್ದೆಗೆ ಬೀಜವರಿಯ ಲೆಕ್ಕ ಸಲ್ಲುತ್ತಿದ್ದರೆ ತೋಟಕ್ಕೆ ಮರಗಳ ಲೆಕ್ಕ ಸಲ್ಲುತ್ತಿತ್ತು. ಇಲ್ಲಿ ಒಂದು ವಿಷಯವನ್ನು ಅವಶ್ಯವಾಗಿ ಗಮನಿಸತಕ್ಕದ್ದು. ಮರದ ಮೇಲೆ ನಿಂತ ಕಂದಾಯವನ್ನು ಕಾಲಕ್ಕೆ ಸರಿಯಾಗಿ ನಾಣ್ಯದಲ್ಲಿ ಸಲ್ಲಿಸಬೇಕು. ಮನೆಯ ಅಟ್ಟದಲ್ಲಿ ಅಡಕೆ ಇದ್ದರೂ ಕೈಯಲ್ಲಿ ಹಣವಿಲ್ಲದ ತೋಟಗಾರ ಕೊಯ್ಲಾದ ಕೂಡಲೇ ಮಾರಲೇಬೇಕಾಗುತ್ತದೆ. 1801ರಲ್ಲಿ ಫ್ರಾನ್ಸಿಸ್ ಬುಕಾನನ್ ಬನವಾಸಿ, ಇಕ್ಕೇರಿ, ನಗರ ಸೀಮೆಗಳಲ್ಲಿ ಸಂಚರಿಸಿ ಅಡಕೆಯ ಕೃಷಿ ವ್ಯಾಪಾರಗಳನ್ನು ಕುರಿತು ಬರೆದುಕೊಂಡನು. ಅವನ ಪ್ರವಾಸಗ್ರಂಥ 1807ರಲ್ಲಿ ಮೂರು ಸಂಪುಟಗಳಾಗಿ ಪ್ರಕಟವಾಯಿತು. ಘಟ್ಟದ ಮೇಲಿನ ಅಡಕೆ ದೂರದ ಪೇಟೆಗಳಿಗೆ ಹೋಗುವ ಸರಕಾಗಿತ್ತೆಂಬುದು ಆ ಗ್ರಂಥದಿಂದ ವಿದಿತವಾಗುತ್ತದೆ. ದೂರದ ಪೇಟೆಗೆ ಹೋಗತಕ್ಕ ಸರಕಿಗೆ ಬಾಳಿಕೆ ಬೇಕು. ಈ ಬಾಳಿಕೆಯನ್ನು ಸಾಧಿಸುವ ಎರಡು ಮಾರ್ಗಗಳು ಕನ್ನಡನಾಡಿನಲ್ಲಿ ಬೆಳೆದು ಬಂದಿವೆ. ನಮ್ಮ ಮುಂದಿನ ವಿಚಾರಕ್ಕೆ ಇವೇ ಮೂಲ.

ಒಂದನೆಯದು ಕೆಂಪಡಕೆಯ ಮಾರ್ಗ. ಸೊರಬ, ಶಿಕಾರಿಪುರ, ತೀರ್ಥಹಳ್ಳಿ, ಚನ್ನಗಿರಿಗಳಲ್ಲಿ ಇದೇ ಪ್ರಧಾನ. ಕಾಯಿ ಇನ್ನೂ ಹಸಿರಾಗಿರುವಾಗಲೇ ಕೊನೆಗಾರನು ಮರವೇರಿ ಕೊನೆಯನ್ನು ಇಳಿಸುತ್ತಾನೆ. ಮೆಟ್ಟುಗತ್ತಿಯ ಮುಂದೆ ಕುಳಿತವರು ಸುಲಿಯುತ್ತಾರೆ. ಆಮೇಲೆ ಹಂಡೆಯಲ್ಲಿ ಚೊಗರಿನೊಡನೆ ಬೇಯಿಸಿ ಚಪ್ಪರದ ಮೇಲೆ ಒಣಗಿಸುತ್ತಾರೆ. ರಾಶಿ, ಬೆಟ್ಟೆ, ಸರಕು, ಗೊರಬಲು ಎಂಬ ಹೆಸರುಗಳು ಕಾಯಿಯ ಬೆಳವಣಿಗೆ, ಆಕಾರ, ಹದಗಳನ್ನು ಹೇಳುತ್ತವೆಯೇ ಹೊರತು ಇಟ್ಟ ವರ್ಷಗಳನ್ನು ಹೇಳುವುದಿಲ್ಲ.

ಎರಡನೆಯದು ಬಿಳಿಯಡಕೆಯ, ಅಂದರೆ ಚಾಲಿಯ ಮಾರ್ಗ. ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡುಗಳಲ್ಲಿ ಇದು ಸಾರ್ವತ್ರಿಕ. ಶಿರಸಿ, ಯಲ್ಲಾಪುರ, ಸಾಗರಗಳಲ್ಲಿ ಎರಡು ಮಾರ್ಗಗಳೂ ಇವೆ. ಇಲ್ಲಿ ಕಾಯಿ ಹಣ್ಣಾಗುವವರೆಗೆ ಕಾಯುತ್ತಾರೆ. ಸಿಪ್ಪೆಯೊಡನೆಯೇ ಸುಮಾರು 40 ದಿನ ಬಿಸಿಲಿನಲ್ಲಿ ಒಣಗಿಸಿ ಅನಂತರ ಸುಲಿಯುತ್ತಾರೆ, ಬೆಂಕಿಯ ಸಂಸ್ಕಾರವಿಲ್ಲ. ಕರಾವಳಿಯ ಪೇಟೆಯಲ್ಲಿ ಈ ಅಡಕೆಗೆ ವಯಸ್ಸಿನ ದರ್ಜೆಗಳಿವೆ. ಆ ವರ್ಷದ್ದು ‘ಹೊಸತು’. ಒಂದು ವರ್ಷ ಇಟ್ಟುದು ‘ಸಿಂಗಲ್ ಚೋಲ್’. ಎರಡು ವರ್ಷ ಇಟ್ಟುದು ‘ಡಬ್ಬಲ್ ಚೋಲ್’. ಸಾಮಾನ್ಯವಾಗಿ ಹಳತಕ್ಕೆ ಹೊಸತಕ್ಕಿಂತ ಹೆಚ್ಚಿನ ಧಾರಣೆ. ಗುಜರಾತು ಮೊದಲಾದ ಉತ್ತರದ ಪ್ರಾಂತಗಳ ಗಿರಾಕಿಗಳು ಈ ಅಡಕೆಯನ್ನು ಬಯಸುತ್ತಾರೆ.

ಒಂದೇ ಮರದ ಫಲದಲ್ಲಿ ಈ ಭೇದ ಏಕೆ? ರಾಘವನ್ ಮತ್ತು ಬರುವಾ ಎಂಬ ವಿಜ್ಞಾನಿಗಳು 1958ರಲ್ಲಿ ಪ್ರಕಟಿಸಿದ ವಿಶ್ಲೇಷಣೆ ಇಲ್ಲಿ ನೆರವಾಗುತ್ತದೆ. ಅವರ ಲೆಕ್ಕದಂತೆ ಎಳೆಯ ಅಡಕೆಯಲ್ಲಿ ನೀರಿನ ಅಂಶ ಶೇಕಡ 69ರಿಂದ 74. ಹಣ್ಣಡಕೆಯಲ್ಲಿ ಸುಮಾರು 39ರಿಂದ 57. ಒಗರಿಗೆ ಕಾರಣವಾದ ಪಾಲಿಫಿನಾಲುಗಳು ಎಳೆಯದರಲ್ಲಿ ಶೇಕಡ 17ರಿಂದ 30ರವರೆಗೆ ಇದ್ದರೆ ಹಣ್ಣಾದುದರಲ್ಲಿ 11ರಿಂದ 18. ಎಳೆಯ ಕಾಯಿಯ ಒಗರು ಹೆಚ್ಚು, ನೀರೂ ಹೆಚ್ಚು. ಆದುದರಿಂದ ಅದನ್ನು ಹಾಗೆಯೇ ಇಡಲಾಗದು, ಬೇಯಿಸಲೇಬೇಕು. ಬೇಯುವಾಗ ಒಗರಿನ ಒಂದು ಪಾಲು ನೀರಿಗೆ ಇಳಿಯುತ್ತದೆ. ಆ ನೀರೇ ಕುದಿದು ಗಟ್ಟಿಯಾಗಿ ಚೊಗರಾಗುತ್ತದೆ. ಚೊಗರು ಮರಳಿ ಅಡಕೆಗೆ ಬಣ್ಣವನ್ನೂ ಹೊಳಪನ್ನೂ ಕೊಡುತ್ತದೆ. ಹೀಗೆ ಕೆಂಪಡಕೆಯ ಗುಣ ಹಂಡೆಯಲ್ಲಿಯೇ ನಿಶ್ಚಿತವಾಗುತ್ತದೆ. ಅನಂತರದ ಕಾಲ ಅದಕ್ಕೆ ಹೊಸ ಗುಣವನ್ನು ಸೇರಿಸುವುದಕ್ಕಿಂತ ಹೊಳಪನ್ನು ಕಳೆಯುವ ಸಂಭವವೇ ಹೆಚ್ಚು. ಚಾಲಿಯಲ್ಲಿಯಾದರೋ ಬೆಂಕಿ ಮಾಡುವ ಕೆಲಸವನ್ನು ಕಾಲವೇ ನಿಧಾನವಾಗಿ ಮಾಡಬೇಕು. ಉಳಿದ ತೇವ ಹೋಗಿ ಅಡಕೆ ಬಿಗಿಯುತ್ತದೆ; ಹಸಿತನ ಅಡಗುತ್ತದೆ.

ಆದರೂ ಕೆಂಪಡಕೆಯಲ್ಲಿ ಕಾಲಕ್ಕೆ ಪಾತ್ರವೇ ಇಲ್ಲವೆಂದು ಹೇಳುವುದು ಸರಿಯಲ್ಲ. ಚೊಗರನ್ನು ಒಂದು ಬೇಯುವಿಕೆಯಿಂದ ಮುಂದಿನದಕ್ಕೆ ಬಳಸುತ್ತಾರೆ. ಉಳಿದುದನ್ನು ಮುಂದಿನ ಸುಗ್ಗಿಗೆ ಕಾದಿಡುವ ಪದ್ಧತಿಯೂ ಉಂಟು. ಎಂದರೆ ಈ ವರ್ಷದ ಅಡಕೆಗೆ ಹೋದ ವರ್ಷದ ರಸ ಹತ್ತುತ್ತದೆ. ಚಾಲಿಯಲ್ಲಿ ಅಡಕೆಯೇ ಹಳತಾಗುತ್ತದೆ. ಕೆಂಪಿನಲ್ಲಿ ಅದಕ್ಕೆ ಬಣ್ಣ ಕೊಡುವ ರಸ ಹಳತಾಗಿರುತ್ತದೆ.

ಈ ಭೇದವನ್ನು ಸ್ಪಷ್ಟಪಡಿಸಲು ತಾಂಬೂಲದ ಇನ್ನೊಂದು ಸಂಗಾತಿಯಾದ ಹೊಗೆಸೊಪ್ಪಿನ ಉದಾಹರಣೆಯನ್ನು ನೋಡಬಹುದು. 1492ರಲ್ಲಿ ಕೊಲಂಬಸನ ಜನ ಕ್ಯೂಬಾ ದ್ವೀಪದಲ್ಲಿ ಹೊಗೆಸೊಪ್ಪು ಸೇದುವುದನ್ನು ಮೊದಲು ಕಂಡರು. ಮುಂದೆ ಪೋರ್ಚುಗೀಸರ ಮೂಲಕ ಅದು ನಮ್ಮ ದೇಶಕ್ಕೂ ಬಂದಿತು. ಕ್ಯೂಬಾದಲ್ಲಿ ಎಲೆಯನ್ನು ಒಣಗಿಸಿ, ರಾಶಿ ಹಾಕಿ, ತನ್ನ ಕಾವಿನಲ್ಲಿಯೇ ಹುದುಗಿಸಿ, ಆಮೇಲೆ ಮೂಟೆ ಕಟ್ಟಿ ಇಡುತ್ತಾರೆ. ಹುದುಗುವಾಗ ಅಮೋನಿಯದ ಕಟು ವಾಸನೆ ಹೊರಹೋಗುತ್ತದೆ. 1960ರಲ್ಲಿ ಅಲ್ಲಿನ ಚುಟ್ಟದ ಕಾರ್ಖಾನೆಗಳು ರಾಷ್ಟ್ರೀಕರಣಗೊಂಡವು. 1962ರಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನವು ಕ್ಯೂಬಾದ ಸರಕಿಗೆ ನಿಷೇಧ ಹಾಕಿತು. ಅಲ್ಲಿಂದ ಹೊರಟ ಬೆಳೆಗಾರರೂ ಕುಶಲಿಗಳೂ ಡೊಮಿನಿಕನ್ ಗಣರಾಜ್ಯ, ಹೊಂಡುರಾಸ್, ನಿಕರಾಗುವಗಳಲ್ಲಿ ಈ ಉದ್ಯಮವನ್ನು ಬೆಳೆಸಿದರು. ಕ್ಯೂಬಾದ ಚುಟ್ಟ ಕೊಂಡವನ ಪೆಟ್ಟಿಗೆಯಲ್ಲಿ ವರ್ಷಗಟ್ಟಲೆ ಇದ್ದು ಹದಗೊಳ್ಳುತ್ತದೆ, ಇತರ ದೇಶಗಳದು ಬಹುಮಟ್ಟಿಗೆ ತಯಾರಕನ ಉಗ್ರಾಣದಲ್ಲಿಯೇ ಹದಗೊಂಡು ಹೊರಬರುತ್ತದೆ ಎಂಬುದು ಸೇದುವವರಲ್ಲಿ ರೂಢಿಯ ಮಾತು. ಚುಟ್ಟವನ್ನು ಹದವಾಗಿಡಲು ಗಾಳಿಯಲ್ಲಿ ಶೇಕಡ 65ರಿಂದ 70ರಷ್ಟು ಆರ್ದ್ರತೆ ಬೇಕು. ಅಡಕೆಗೆ ತೇವವೇ ಶತ್ರು. ಸಾಧನ ಬೇರೆಯಾದರೂ ಪ್ರಶ್ನೆ ಮಾತ್ರ ಒಂದೇ: ಸರಕು ಯಾರ ಮನೆಯಲ್ಲಿ ಹಳತಾಗುತ್ತದೆ?

ಮಲೆನಾಡಿನ ಮಳೆಗಾಲದಲ್ಲಿ ಅಡಕೆಯನ್ನು ಕಾಪಾಡುವುದು ಸುಲಭವಲ್ಲ. ತೇವ ಹತ್ತಿದರೆ ಬೂಷ್ಟು, ಅಲಕ್ಷ್ಯ ಮಾಡಿದರೆ ಹುಳು. ಒಲೆಯ ಕಾವು ತಾಗುವ ಅಟ್ಟವಿದ್ದ ದೊಡ್ಡ ಮನೆಗೆ ಇದು ಸಾಧ್ಯ. ಸಣ್ಣ ಹಿಡುವಳಿದಾರನಿಗೆ ಕಷ್ಟ. ಇದಕ್ಕಿಂತ ದೊಡ್ಡ ಅಡಚಣೆ ಬಡ್ಡಿಯದು. ಲೆಕ್ಕಕ್ಕಾಗಿ ಒಂದು ಊಹೆ ಮಾಡೋಣ. ಹೊಸ ಅಡಕೆಯ ಬೆಲೆ 100 ರೂಪಾಯಿ, ವರ್ಷದ ಬಡ್ಡಿ ಶೇಕಡ 10, ವರ್ಷಕ್ಕೆ ತೂಕದಲ್ಲಿ ಶೇಕಡ 2 ನಷ್ಟ ಎಂದಿಟ್ಟುಕೊಂಡರೆ, ಎರಡು ವರ್ಷದ ಮೇಲೆ ಅಸಲು ಬಡ್ಡಿ ಸೇರಿ 121 ರೂಪಾಯಿ. ಉಳಿದ ತೂಕ ಶೇಕಡ 96. ಆಗ ಅದೇ ತೂಕದ ಹಳೆಯ ಅಡಕೆಗೆ ಸುಮಾರು 126 ರೂಪಾಯಿ ದೊರೆತರೆ ಮಾತ್ರ ಇಟ್ಟುದು ನಷ್ಟವಾಗಲಿಲ್ಲವೆನ್ನಬಹುದು. ಬಡ್ಡಿ ಶೇಕಡ 24 ಆದರೆ ಈ ಮೊತ್ತ 160 ರೂಪಾಯಿಗೆ ಏರುತ್ತದೆ. ಕಡಮೆ ಬಡ್ಡಿಗೆ ಹಣ ದೊರೆಯುವವನಿಗೆ ಕಾಲ ಮಿತ್ರ. ಹೆಚ್ಚು ಬಡ್ಡಿ ತೆರುವವನಿಗೆ ಅದೇ ಕಾಲ ಸಾಲಗಾರ. ಮುಂಗಡ ತೆಗೆದುಕೊಂಡು ಅಡಕೆಯನ್ನು ಮಂಡಿಗೆ ಒಪ್ಪಿಸಿದವನಿಗಂತೂ ಕಾಯುವ ಪ್ರಸಂಗವೇ ಇಲ್ಲ.

ಸಹಕಾರ ಸಂಘಗಳ ಚರಿತ್ರೆಯನ್ನು ಈ ದೃಷ್ಟಿಯಿಂದ ನೋಡಿದರೆ ಅದರ ಅರ್ಥ ಹೆಚ್ಚು ಸ್ಪಷ್ಟವಾಗುತ್ತದೆ. ಶಿರಸಿಯ ತೋಟಗಾರ್ಸ್ ಸಹಕಾರಿ ಮಾರಾಟ ಸಂಘ 1923ರಲ್ಲಿ ಸ್ಥಾಪಿತವಾಯಿತು. ಶಿವಮೊಗ್ಗದ ಮಲೆನಾಡು ಅಡಕೆ ಮಾರಾಟ ಸಹಕಾರ ಸಂಘ, ಅಂದರೆ ಮ್ಯಾಮ್ಕೋಸ್, 1939ರಲ್ಲಿ. 1970ರ ಸುಮಾರಿಗೆ ಧಾರಣೆ ತೀವ್ರವಾಗಿ ಕುಸಿದು ಬೆಳೆಗಾರರು ಕಂಗೆಟ್ಟಾಗ, ವಾರಣಾಸಿ ಸುಬ್ರಾಯ ಭಟ್ಟರ ನಾಯಕತ್ವದಲ್ಲಿ 1973ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೋ ಹುಟ್ಟಿತು. ಒಳ್ಳೆಯ ಧಾರಣೆಯನ್ನು ದೊರಕಿಸುವುದು ಈ ಸಂಸ್ಥೆಗಳ ಪ್ರಕಟವಾದ ಉದ್ದೇಶ. ಆದರೆ ಉಗ್ರಾಣವನ್ನೂ, ಇಟ್ಟ ಅಡಕೆಯ ಮೇಲೆ ಅಡಮಾನ ಸಾಲವನ್ನೂ ಒದಗಿಸಿದುದರಿಂದ ಅವು ಇನ್ನೊಂದು ಕಾರ್ಯವನ್ನೂ ಸಾಧಿಸಿದವು. ಹಿಂದೆ ವರ್ತಕನಿಗೂ ದೊಡ್ಡ ತೋಟಗಾರನಿಗೂ ಮೀಸಲಾಗಿದ್ದ ಕಾಯುವ ಶಕ್ತಿಯ ಒಂದು ಪಾಲು ಸಣ್ಣ ಬೆಳೆಗಾರನಿಗೂ ದೊರೆಯಿತು. ನಮ್ಮ ಅಭಿಪ್ರಾಯದಲ್ಲಿ ಈ ಸಂಘಗಳ ಮುಖ್ಯವಾದ ಸಾಧನೆ ಇದೇ.

ಸೊರಬ–ಶಿಕಾರಿಪುರದ ಬೆಳೆಗಾರ ಏಕೆ ಕೆಂಪಡಕೆಯ ಮಾರ್ಗವನ್ನೇ ಹಿಡಿದನೆಂಬುದಕ್ಕೂ ಇಲ್ಲಿ ಒಂದು ಸಮಾಧಾನ ದೊರೆಯುತ್ತದೆ. ಹವೆಯೂ ಪೇಟೆಯ ರೂಢಿಯೂ ಕಾರಣಗಳೆಂಬುದು ನಿಜ. ಅದರೊಡನೆ, ಕೆಂಪಡಕೆ ಬೇಗನೆ ಹಣವಾಗುವ ಸರಕು. ಹದಕ್ಕೆ ವರ್ಷಗಳ ಕಾಯುವಿಕೆ ಬೇಡ. ಕೂಲಿ, ಸೌದೆ, ಹಂಡೆಗಳ ವೆಚ್ಚ ಹೆಚ್ಚಾದರೂ ಕಾಲದ ವೆಚ್ಚ ಕಡಮೆ. ಬತ್ತದ ಗದ್ದೆಯಿಂದ ಈಚೆಗೆ ತೋಟಕ್ಕೆ ಬಂದ ರೈತನಿಗೆ ಇದು ಸಣ್ಣ ಅನುಕೂಲವಲ್ಲ. ಅವನು ಕಾಲವನ್ನು ಕೊಳ್ಳಲಾರದೆ ಬೆಂಕಿಯನ್ನು ಕೊಂಡನೆಂದರೆ ತಪ್ಪಾಗದು.

ಕೊನೆಯದಾಗಿ ಒಂದು ಮಾತನ್ನು ಹೇಳದೆ ಬಿಡಲಾಗದು. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಅಡಕೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ಪದಾರ್ಥಗಳ ಮೊದಲನೆಯ ವರ್ಗಕ್ಕೆ 2004ರಲ್ಲಿ ಸೇರಿಸಿತು. ಹೊಗೆಸೊಪ್ಪು ಬೆರೆತ ತಾಂಬೂಲದ ವಿಷಯದಲ್ಲಿ ಇದು 1985ರಲ್ಲಿಯೇ ನಿರ್ಣಯವಾಗಿತ್ತು. ವಯಸ್ಸು ಅಡಕೆಯ ರುಚಿಯನ್ನು ಮೃದುಗೊಳಿಸಬಹುದು; ಅಪಾಯವನ್ನು ಕಳೆಯುತ್ತದೆಂದು ಯಾರೂ ಭಾವಿಸಬಾರದು. ಗದ್ದೆಯನ್ನು ತೋಟ ಮಾಡಿದ ಸಾವಿರಾರು ಕುಟುಂಬಗಳ ಜೀವನ ಇಂಥ ಒಂದು ಬೆಳೆಯ ಮೇಲೆ ನಿಂತಿರುವುದೇ ಈ ಸೀಮೆಯ ಇಂದಿನ ಆರ್ಥಿಕ ಸ್ಥಿತಿಯ ಕಠಿಣವಾದ ಅಂಶ.

ಹಳತಾಗುವಿಕೆ ನಿಸರ್ಗದ ವ್ಯಾಪಾರವೆಂದು ತೋರಿದರೂ ಕಂದಾಯ, ಬಡ್ಡಿ, ಉಗ್ರಾಣ, ಸಂಘಗಳು ಅದರ ಫಲವನ್ನು ಹಂಚುತ್ತವೆ ಎಂಬುದು ಮೇಲಿನ ವಿಚಾರದಿಂದ ವಿದಿತವಾಗುತ್ತದೆ. ಶಿರಾಳಕೊಪ್ಪ, ಆನವಟ್ಟಿ, ಸಾಗರಗಳ ಹಳೆಯ ಮಂಡಿಗಳ ಖಾತೆಪುಸ್ತಕಗಳೂ ತೋಟಗಾರ ಮನೆತನಗಳ ಕಡತಗಳೂ ಗೆದ್ದಲಿಗೆ ಆಹಾರವಾಗುವ ಮುನ್ನ ನಮ್ಮ ಕಾಲೇಜುಗಳ ವಿದ್ಯಾರ್ಥಿಗಳು ಅವುಗಳನ್ನು ಪ್ರತಿಮಾಡಿಕೊಳ್ಳಬೇಕು. ಯಾವ ತಿಂಗಳಲ್ಲಿ ಯಾರು ಮಾರಿದರು, ಯಾರು ಇಟ್ಟುಕೊಂಡರು, ಯಾವ ಬಡ್ಡಿಗೆ ಎಂಬ ಮೂರು ಪ್ರಶ್ನೆಗಳನ್ನು ಮುಂದಿಟ್ಟುಕೊಂಡು ಆ ಪುಟಗಳನ್ನು ಓದಿದರೆ ಈ ನಾಡಿನ ಆರ್ಥಿಕ ಚರಿತ್ರೆಗೆ ಶಾಸನಗಳಷ್ಟೇ ಗಟ್ಟಿಯಾದ ಆಧಾರ ಒದಗುವುದು.