ಗುರುದತ್ತ: ಒಂದು ಸೋಲಿಗೆ ತೆತ್ತ ಬೆಲೆ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಕಡೆಯಿಂದ ಮುಂಬೈಗೆ ಹೋದವರ ಚರಿತ್ರೆ ದೊಡ್ಡದು. ಹೋಟೆಲಿನಲ್ಲಿ ತಟ್ಟೆ ತೊಳೆಯುತ್ತಾ ರಾತ್ರಿ ಶಾಲೆಯಲ್ಲಿ ಓದಿದವರು, ಕ್ಯಾಂಟೀನಿನ ಕೆಲಸದಿಂದ ಆರಂಭಿಸಿ ಮಾಲಕರಾದವರು ಈ ತಾಲೂಕುಗಳ ಪ್ರತಿ ಊರಿನಲ್ಲೂ ಸಿಗುತ್ತಾರೆ. ಗೆದ್ದವರ ಹೆಸರು ಶಾಲೆಯ ಗೋಡೆಯ ದಾನಿಗಳ ಪಟ್ಟಿಯಲ್ಲಿದೆ. ಬರಿಗೈಯಲ್ಲಿ ಮರಳಿದವರ ಹೆಸರು ಎಲ್ಲಿಯೂ ಇಲ್ಲ. ಮುಂಬೈಯ ಬಳಿಕ ಗಲ್ಫ್ ಬಂದಾಗಲೂ ಊರು ಲೆಕ್ಕ ಇಡುವ ಕ್ರಮ ಬದಲಾಗಲಿಲ್ಲ.

ಸೋಲು ಗೆಲುವುಗಳನ್ನು ಹೀಗೆ ಅಳೆಯುವ ಅಭ್ಯಾಸ ಅತಿ ಕ್ರೂರವಾಗಿ ಕಾಣಿಸುವುದು ಸಿನಿಮಾ ಲೋಕದಲ್ಲಿ. ಅಲ್ಲಿ ಒಬ್ಬ ಮನುಷ್ಯನ ವರ್ಷಗಳ ಶ್ರಮದ ತೀರ್ಪು ಶುಕ್ರವಾರದ ಮೂರು ಪ್ರದರ್ಶನಗಳಲ್ಲಿ ಮುಗಿದು ಹೋಗುತ್ತದೆ. ಹಿಂದಿ ಚಿತ್ರರಂಗದಲ್ಲಿ ಈ ತೀರ್ಪಿಗೆ ಎಲ್ಲರಿಗಿಂತ ಹೆಚ್ಚು ಬೆಲೆ ತೆತ್ತ ನಟ, ನಿರ್ದೇಶಕ ನಮ್ಮ ಕರಾವಳಿಯ ಮೂಲದವರೇ ಎಂಬುದು ಹಲವರಿಗೆ ನೆನಪಿಲ್ಲ. ಅವರೇ ಗುರುದತ್ತ ಶಿವಶಂಕರ ಪಡುಕೋಣೆ.

ಪಡುಕೋಣೆ ಇರುವುದು ಕುಂದಾಪುರದ ಕಡೆ, ಇಂದಿನ ಉಡುಪಿ ಜಿಲ್ಲೆಯಲ್ಲಿ. ಊರಿನ ಹೆಸರನ್ನೇ ಮನೆತನದ ಹೆಸರಾಗಿಸಿಕೊಂಡ ಚಿತ್ರಾಪುರ ಸಾರಸ್ವತ ಕುಟುಂಬಗಳಲ್ಲಿ ಇದೂ ಒಂದು. 1874ರಲ್ಲಿ ಬಂಟ್ವಾಳದಲ್ಲಿ ಹುಟ್ಟಿ ಕನ್ನಡ ಮಕ್ಕಳಿಗೆ ಹಾಡು, ಕಥೆಗಳನ್ನು ಕೊಟ್ಟ ಪಂಜೆ ಮಂಗೇಶರಾಯರೂ ಇದೇ ಸಮುದಾಯದವರು. ಗುರುದತ್ತರು ಹುಟ್ಟಿದ್ದು 1925ರ ಜುಲೈ 9ರಂದು ಬೆಂಗಳೂರಿನಲ್ಲಿ. ಮೊದಲು ಇಟ್ಟ ಹೆಸರು ವಸಂತಕುಮಾರ. ಮನೆಮಾತು ಕೊಂಕಣಿ. ತಾಯಿ ವಾಸಂತಿ ಶಿಕ್ಷಕಿಯಾಗಿದ್ದವರು, ಬಂಗಾಳಿ ಕೃತಿಗಳನ್ನು ಕನ್ನಡಕ್ಕೆ ತಂದವರು. ಮಗನ ಬದುಕನ್ನು ಕುರಿತು ಅವರು ಬರೆದ ಪುಸ್ತಕವೂ ಕನ್ನಡದಲ್ಲೇ ಇದೆ.

ತಂದೆಯ ನೌಕರಿಯ ಕಾರಣದಿಂದ ಹುಡುಗ ಬೆಳೆದದ್ದು ಕಲ್ಕತ್ತೆಯಲ್ಲಿ. ಮನೆಯ ಬಡತನದಿಂದ ಕಾಲೇಜು ಓದಲಾಗಲಿಲ್ಲ. ಆಲ್ಮೋರಾದಲ್ಲಿ ಉದಯಶಂಕರರ ಕೇಂದ್ರ ಸೇರಿ ನೃತ್ಯ ಕಲಿತರು. ಆ ಕೇಂದ್ರ ಮುಚ್ಚಿದ ಮೇಲೆ ಕಲ್ಕತ್ತೆಯ ಒಂದು ಕಾರ್ಖಾನೆಯಲ್ಲಿ ಕೆಲಕಾಲ ಟೆಲಿಫೋನ್ ಆಪರೇಟರ್ ಆಗಿದ್ದರು. 1944ರಲ್ಲಿ ಪುಣೆಯ ಪ್ರಭಾತ್ ಕಂಪೆನಿ ಸೇರಿದಾಗ ಇಬ್ಬರು ಯುವಕರ ಸ್ನೇಹ ದೊರಕಿತು. ಒಬ್ಬರು ದೇವ್ ಆನಂದ್, ಇನ್ನೊಬ್ಬರು ರೆಹಮಾನ್. ತಾನು ನಿರ್ಮಾಪಕನಾದರೆ ನೀನೇ ನಿರ್ದೇಶಕ ಎಂದು ದೇವ್ ಆನಂದ್ ಕೊಟ್ಟ ಮಾತು 1951ರಲ್ಲಿ 'ಬಾಜಿ' ಚಿತ್ರವಾಗಿ ನೆರವೇರಿತು. ಚಿತ್ರ ಗೆದ್ದಿತು.

ಗುರುದತ್ತರ ಮುಂದಿನ ದಾರಿ ಏರಿಳಿತಗಳದ್ದೇ. 1953ರ 'ಬಾಜ್' ಚಿತ್ರದಲ್ಲಿ ಅವರು ಮೊದಲ ಬಾರಿ ನಾಯಕರಾದರು. ಮಲಬಾರ್ ಕರಾವಳಿಯಲ್ಲಿ ಪೋರ್ಚುಗೀಸರ ವಿರುದ್ಧ ನಡೆಯುವ ಹೋರಾಟದ ಆ ಕಥೆ ನೆಲಕಚ್ಚಿತು. ಮರುವರ್ಷ ಟ್ಯಾಕ್ಸಿ ಚಾಲಕನ ಪಾತ್ರದಲ್ಲಿ 'ಆರ್ ಪಾರ್', 1955ರಲ್ಲಿ ವ್ಯಂಗ್ಯಚಿತ್ರಕಾರನ ಪಾತ್ರದಲ್ಲಿ 'ಮಿಸ್ಟರ್ ಅಂಡ್ ಮಿಸೆಸ್ 55' ಜನರಿಗೆ ಹಿಡಿಸಿದವು. 1956ರಲ್ಲಿ ಅವರು ನಿರ್ಮಿಸಿದ 'ಸಿಐಡಿ' ಭರ್ಜರಿ ಯಶಸ್ಸು ಕಂಡಿತು. ಅದೇ ವರ್ಷ ಅವರು ನಿರ್ದೇಶಿಸಿದ 'ಸೈಲಾಬ್' ಸೋತಿತು. ಆದರೆ ಈ ಸೋಲುಗಳು ಅವರನ್ನು ನಿಲ್ಲಿಸಲಿಲ್ಲ. ಬಿದ್ದಲ್ಲಿಂದ ಎದ್ದು ಮುಂದಿನ ಚಿತ್ರಕ್ಕೆ ಕೈಹಾಕುವ ಶಕ್ತಿ ಇತ್ತು. ಜೊತೆಗೆ ನಿಂತ ಒಂದು ಬಳಗವೂ ಇತ್ತು.

ಆ ಬಳಗವನ್ನು ಒಮ್ಮೆ ನೋಡಬೇಕು. ಮುಂಬೈಯ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದ ಬದ್ರುದ್ದೀನ್ ಕಾಝಿ ಕುಡುಕನಂತೆ ನಟಿಸಿ ತೋರಿಸಿದ್ದನ್ನು ಮೆಚ್ಚಿ ಪಾತ್ರ ಕೊಟ್ಟು, ಜಾನಿ ವಾಕರ್ ಎಂಬ ಹೆಸರಿಟ್ಟವರು ಗುರುದತ್ತ. 'ಆರ್ ಪಾರ್'ನಿಂದ ಸಂಭಾಷಣೆ ಬರೆದವರು ಅಬ್ರಾರ್ ಅಲ್ವಿ. ಯಾವ ಪಾತ್ರ ಯಾವ ಬೀದಿಯಿಂದ ಬಂದಿದೆಯೋ ಆ ಬೀದಿಯ ಮಾತನ್ನೇ ಆಡಬೇಕೆಂಬುದು ಅವರ ಪಟ್ಟು. ಹಾಡು ಬರೆದವರಲ್ಲಿ ಸಾಹಿರ್ ಲುಧಿಯಾನ್ವಿ, ಕೈಫಿ ಆಝ್ಮಿ, ಶಕೀಲ್ ಬದಾಯೂನಿ ಇದ್ದರು. ತೆಲುಗು ಚಿತ್ರವೊಂದರಿಂದ ಹೆಸರಾಗಿದ್ದ ವಹೀದಾ ರೆಹಮಾನ್‌ರನ್ನು ಹಿಂದಿಗೆ ಕರೆತಂದದ್ದು 'ಸಿಐಡಿ'. ಕ್ಯಾಮೆರಾದ ಹಿಂದೆ ಇದ್ದವರು ಮೈಸೂರಿನಲ್ಲಿ ಹುಟ್ಟಿ, ಬೆಂಗಳೂರಿನ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಕಲಿತ ಕನ್ನಡಿಗ ವಿ.ಕೆ. ಮೂರ್ತಿ. 'ಬಾಜಿ'ಯಲ್ಲಿ ಅವರು ಸಹಾಯಕರಷ್ಟೇ. ಒಂದು ಕಷ್ಟದ ಷಾಟನ್ನು ಸಾಧಿಸಿ ತೋರಿಸಿದ್ದಕ್ಕೆ ಮುಂದಿನ ಚಿತ್ರದಿಂದ ಗುರುದತ್ತ ಅವರನ್ನೇ ಛಾಯಾಗ್ರಾಹಕರನ್ನಾಗಿ ಮಾಡಿಕೊಂಡರು. ಈ ಕೂಟವನ್ನು ಸೌಹಾರ್ದದ ಮಾದರಿ ಎಂದು ಅಂದು ಯಾರೂ ಕರೆಯಲಿಲ್ಲ. ಕೆಲಸ ಬಲ್ಲವರು ಒಟ್ಟಿಗೆ ಕೂತು ಕೆಲಸ ಮಾಡಿದರು, ಅಷ್ಟೆ.

1957ರ 'ಪ್ಯಾಸಾ' ಈ ಬಳಗದ ದೊಡ್ಡ ಗೆಲುವು. ನಾಯಕನ ಪಾತ್ರಕ್ಕೆ ಮೊದಲು ಯೋಚಿಸಿದ್ದು ದಿಲೀಪ್ ಕುಮಾರ್ ಅವರನ್ನು. ಅವರು ಬಾರದಿದ್ದಾಗ ಗುರುದತ್ತರೇ ಬಣ್ಣ ಹಚ್ಚಿದರು. ವಿಜಯ್ ಎಂಬ ಕವಿಯ ಹಸ್ತಪ್ರತಿಗಳನ್ನು ಅವನ ಅಣ್ಣಂದಿರು ರದ್ದಿಗೆ ಮಾರುತ್ತಾರೆ. ಅವನು ಸತ್ತನೆಂಬ ಸುದ್ದಿ ಹಬ್ಬಿದ ಮೇಲೆ ಕವಿತೆಗಳು ಅಚ್ಚಾಗಿ ಜಗತ್ತು ಕೊಂಡಾಡುತ್ತದೆ. ಬದುಕಿ ಬಂದ ಕವಿಯನ್ನು ಗುರುತಿಸಲು ಮನೆಯವರೂ ಪ್ರಕಾಶಕನೂ ಒಪ್ಪುವುದಿಲ್ಲ. ಹುಚ್ಚಾಸ್ಪತ್ರೆಯಿಂದ ಅವನನ್ನು ಬಿಡಿಸಲು ನೆರವಾಗುವವನು ತಲೆಗೆ ಎಣ್ಣೆ ತಿಕ್ಕಿ ಬದುಕುವ ಅಬ್ದುಲ್ ಸತ್ತಾರ್. ಬದುಕಿದ್ದಾಗ ಅನ್ನ ಕೊಡದೆ ಸತ್ತ ಮೇಲೆ ಹಾರ ಹಾಕುವ ಸಮಾಜದ ಕಥೆ ಇದು. ಪ್ರೇಕ್ಷಕರು ಅದನ್ನು ಮೆಚ್ಚಿದರು. ಅದೇ ಕಥೆ ತನ್ನ ನಾಯಕನ ಪಾಲಿಗೂ ನಿಜವಾಗಲಿದೆ ಎಂದು ಯಾರೂ ಎಣಿಸಿರಲಿಲ್ಲ.

ಎರಡೇ ವರ್ಷಗಳಲ್ಲಿ 'ಕಾಗಝ್ ಕೆ ಫೂಲ್' ಬಂತು. ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ ಅದು. ಹೆಸರು ಮಾಡಿದ ನಿರ್ದೇಶಕನೊಬ್ಬ ಸಂಸಾರವನ್ನೂ ಕೀರ್ತಿಯನ್ನೂ ಕಳಕೊಂಡು, ಕೊನೆಗೆ ಖಾಲಿ ಸ್ಟುಡಿಯೋದಲ್ಲಿ ನಿರ್ದೇಶಕನ ಕುರ್ಚಿಯ ಮೇಲೆ ಪ್ರಾಣ ಬಿಡುವ ಕಥೆ. ಮೂರ್ತಿಯವರು ಕನ್ನಡಿಗಳಿಂದ ಬಿಸಿಲನ್ನು ಸ್ಟುಡಿಯೋದೊಳಗೆ ಹಾಯಿಸಿ, ಕತ್ತಲ ನಡುವೆ ಒಂದು ಬೆಳಕಿನ ಕೋಲನ್ನು ನಿಲ್ಲಿಸಿದರು. ಆ ದೃಶ್ಯವನ್ನು ಛಾಯಾಗ್ರಹಣದ ವಿದ್ಯಾರ್ಥಿಗಳು ಇಂದಿಗೂ ನೋಡಿ ಕಲಿಯುತ್ತಾರೆ. ಆದರೆ 1959ರ ಪ್ರೇಕ್ಷಕರಿಗೆ ಈ ನಿರಾಶೆಯ ಕಥೆ ರುಚಿಸಲಿಲ್ಲ. ಚಿತ್ರ ಹೀನಾಯವಾಗಿ ಸೋತಿತು.

ಈ ಸೋಲಿನ ಲೆಕ್ಕವನ್ನು ಹಣದಲ್ಲಿ ಹೇಳುವುದು ಸುಲಭ. ಹಣ ಬೇಗನೆ ಮರಳಿ ಬಂತು. 1944ರಲ್ಲಿ 'ರತನ್' ಚಿತ್ರದಿಂದ ಹೆಸರಾಗಿದ್ದ ಎಂ. ಸಾದಿಕ್ ಅವರ ಕೈಗೆ ನಿರ್ದೇಶನ ಕೊಟ್ಟು ಗುರುದತ್ತ 1960ರಲ್ಲಿ 'ಚೌದ್‌ವೀಂ ಕಾ ಚಾಂದ್' ತಯಾರಿಸಿದರು. ಲಕ್ನೋದ ಮುಸ್ಲಿಂ ಕುಟುಂಬಗಳ ನಡುವಿನ ಕಥೆ. ಗೆಳೆಯನಿಗಾಗಿ ತನ್ನ ಸುಖವನ್ನು ಬಿಟ್ಟುಕೊಡಲು ಹೊರಡುವ ಅಸ್ಲಮ್ ಪಾತ್ರದಲ್ಲಿ ಗುರುದತ್ತ, ಗೆಳೆಯನಾಗಿ ಪುಣೆಯ ದಿನಗಳ ರೆಹಮಾನ್. ಶೀರ್ಷಿಕೆ ಗೀತೆಗೆ ಮುಹಮ್ಮದ್ ರಫಿಯವರಿಗೆ ಅವರ ಮೊದಲ ಫಿಲಂಫೇರ್ ಪ್ರಶಸ್ತಿ ಬಂತು. ಚಿತ್ರದ ಗೆಲುವು ಮುಳುಗುತ್ತಿದ್ದ ಸಂಸ್ಥೆಯನ್ನು ಮೇಲೆತ್ತಿತು.

ಮರಳಿ ಬಾರದ್ದು ಬೇರೆಯೇ ಇತ್ತು. 'ಕಾಗಝ್ ಕೆ ಫೂಲ್' ಬಳಿಕ ಗುರುದತ್ತ ಯಾವ ಚಿತ್ರಕ್ಕೂ ನಿರ್ದೇಶಕ ಎಂದು ತನ್ನ ಹೆಸರು ಹಾಕಲಿಲ್ಲ. ಆಗ ಅವರಿಗೆ ಕೇವಲ ಮೂವತ್ತನಾಲ್ಕು ವರ್ಷ. ಬಿಮಲ್ ಮಿತ್ರರ ಬಂಗಾಳಿ ಕಾದಂಬರಿಯನ್ನು ಆಧರಿಸಿದ 1962ರ 'ಸಾಹಿಬ್ ಬೀಬಿ ಔರ್ ಗುಲಾಮ್' ಚಿತ್ರಕ್ಕೆ ನಿರ್ದೇಶಕರೆಂದು ಅಬ್ರಾರ್ ಅಲ್ವಿಯವರ ಹೆಸರಿದೆ. ಅದಕ್ಕೆ ಫಿಲಂಫೇರ್ ಪ್ರಶಸ್ತಿಗಳು ಬಂದವು, ಹಿಂದಿಯ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪತಿಗಳ ಪದಕ ಬಂತು, 1963ರಲ್ಲಿ ಬರ್ಲಿನ್ ಉತ್ಸವಕ್ಕೂ ಹೋಯಿತು. ಅದನ್ನು ನಿಜಕ್ಕೂ ನಿರ್ದೇಶಿಸಿದವರು ಯಾರೆಂದು ವಿಮರ್ಶಕರು ಬಹುಕಾಲ ಚರ್ಚಿಸಿದರು. ಬಳಗ ಹಾಗೆಯೇ ಇತ್ತು, ಪ್ರತಿಭೆ ಕುಂದಿರಲಿಲ್ಲ, ಗೆಲುವುಗಳೂ ಬಂದವು. ಹೋದದ್ದು ತನ್ನ ಹೆಸರಿನ ಮೇಲಿನ ನಂಬಿಕೆ ಒಂದೇ.

ಕೊನೆಯ ವರ್ಷಗಳಲ್ಲಿ 'ಬಹೂರಾನಿ', 'ಭರೋಸಾ', 'ಸಾಂಜ್ ಔರ್ ಸವೇರಾ' ಮೊದಲಾಗಿ ಇತರರ ಚಿತ್ರಗಳಲ್ಲಿ ನಟಿಸಿದರು. ಗಾಯಕಿ ಗೀತಾ ರಾಯ್ ಅವರೊಂದಿಗೆ 1953ರಲ್ಲಿ ಆದ ಮದುವೆ ಅಷ್ಟರಲ್ಲಿ ಒಡೆದಿತ್ತು. ನಿದ್ರೆ ದೂರವಾಗಿತ್ತು, ಕುಡಿತ ಹತ್ತಿರವಾಗಿತ್ತು. ಅವರು ಎರಡು ಬಾರಿ ಪ್ರಾಣ ಕಳಕೊಳ್ಳಲು ಯತ್ನಿಸಿದ್ದರು. 1964ರ ಅಕ್ಟೋಬರ್ 10ರಂದು ಮುಂಬೈಯ ಮನೆಯಲ್ಲಿ ಒಂಟಿಯಾಗಿ ತೀರಿಕೊಂಡರು. ವಯಸ್ಸು 39. ಅದು ಆಕಸ್ಮಿಕವೋ ಅಲ್ಲವೋ ಎಂಬುದು ಇತ್ಯರ್ಥವಾಗಲಿಲ್ಲ. ಒಂದು ಚಿತ್ರದ ಸೋಲೇ ಅವರನ್ನು ಕೊಂದಿತು ಎಂದು ಹೇಳುವುದು ಸರಿಯಲ್ಲ. ಮನುಷ್ಯನ ಸಂಕಟಕ್ಕೆ ಒಂದೇ ಕಾರಣ ಇರುವುದಿಲ್ಲ. ಆದರೆ ಆ ಸೋಲು ಅವರ ಕೈಯಿಂದ ಅವರಿಗೆ ಅತ್ಯಂತ ಪ್ರಿಯವಾದ ಕೆಲಸವನ್ನು ಕಸಿದುಕೊಂಡಿತು ಎಂಬುದು ನಿಜ.

ಆಮೇಲೆ ಕಾಲ ತೀರ್ಪನ್ನು ತಿದ್ದಿತು. ನೆಲಕಚ್ಚಿದ ಅದೇ ಚಿತ್ರ ವಿ.ಕೆ. ಮೂರ್ತಿಯವರಿಗೆ ಫಿಲಂಫೇರ್ ಪ್ರಶಸ್ತಿ ತಂದಿತ್ತು. 2008ರ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಸಂದಾಗ, ಆ ಗೌರವ ಪಡೆದ ಮೊದಲ ಛಾಯಾಗ್ರಾಹಕ ಅವರಾದರು. 'ಹೂವು ಹಣ್ಣು' ಕನ್ನಡ ಚಿತ್ರಕ್ಕೂ ಕ್ಯಾಮೆರಾ ಹಿಡಿದಿದ್ದ ಮೂರ್ತಿ 2014ರಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. ಗುರುದತ್ತರ ಚಿತ್ರಗಳು ವಿದೇಶದ ಉತ್ಸವಗಳಿಗೆ ಹೋದವು. 2005ರಲ್ಲಿ 'ಟೈಮ್' ಪತ್ರಿಕೆ 'ಪ್ಯಾಸಾ'ವನ್ನು ಜಗತ್ತಿನ ನೂರು ಉತ್ತಮ ಚಿತ್ರಗಳ ಪಟ್ಟಿಗೆ ಸೇರಿಸಿತು. 2004ರಲ್ಲಿ ಅಂಚೆ ಚೀಟಿ ಬಂತು. 2025ರಲ್ಲಿ ಜನ್ಮಶತಮಾನೋತ್ಸವದ ನಿಮಿತ್ತ ಚಿತ್ರಗಳು ಮತ್ತೆ ಥಿಯೇಟರುಗಳಿಗೆ ಬಂದವು. 'ಪ್ಯಾಸಾ'ದ ಕವಿಗೆ ಸಿಕ್ಕ ಹಾರಗಳೆಲ್ಲ ಅದನ್ನು ನಿರ್ಮಿಸಿದವರಿಗೂ ಸಿಕ್ಕಿದವು. ಕವಿ ಬದುಕಿ ಬಂದು ಅದನ್ನು ಕಣ್ಣಾರೆ ಕಂಡ, ಗುರುದತ್ತ ಕಾಣಲಿಲ್ಲ.

ಸೋಲಿನ ತೀರ್ಪನ್ನು ಕಾಲ ತಿದ್ದುತ್ತದೆ ಎಂದು ಸಮಾಧಾನ ಹೇಳುವವರು ಒಂದು ಮಾತನ್ನು ಮರೆಯುತ್ತಾರೆ. ಕಾಲಕ್ಕೆ ಅವಸರವಿಲ್ಲ, ಮನುಷ್ಯನ ಆಯುಷ್ಯ ಚಿಕ್ಕದು. ತೀರ್ಪು ಬದಲಾಗುವ ತನಕ ಸೋತವನನ್ನು ಹಿಡಿದು ನಿಲ್ಲಿಸಬೇಕಾದವರು ಸುತ್ತಲಿನವರು. ಅಂಗಡಿ ಮುಚ್ಚಿದವನಿಗೆ, ಕೆಲಸ ಕಳಕೊಂಡು ಕೊಲ್ಲಿಯಿಂದ ಮರಳಿದವನಿಗೆ, ಪರೀಕ್ಷೆಯಲ್ಲಿ ಬಿದ್ದ ಹುಡುಗಿಗೆ ಮೊದಲು ಬೇಕಾದದ್ದು ಬುದ್ಧಿಮಾತಲ್ಲ. ಎಂದಿನಂತೆ ಹೆಸರು ಹಿಡಿದು ಕರೆಯುವ, ಮುಂದಿನ ಕೆಲಸವನ್ನು ನಂಬಿ ಒಪ್ಪಿಸುವ ನಾಲ್ಕು ಜನ. ದಾನಿಗಳ ಪಟ್ಟಿ ಇರುವ ಗೋಡೆಯಲ್ಲಿ ಅವರ ಹೆಸರು ಬಾರದಿದ್ದರೂ ಸರಿ, ಊರಿನ ಮಾತಿನಲ್ಲಿ ಅವರಿಗೆ ಜಾಗ ಇರಬೇಕು.