ಅಳೆಯುವ ಪರವಾನಗಿ, ಗಡಿ ಹೇಳುವ ಹೊಣೆ: ಭೂಮಾಪಕರ ತರಬೇತಿಯ ತೌಲನಿಕ ವಿವೇಚನೆ

ಕರ್ನಾಟಕದ ಭೂಮಾಪನ, ಕಂದಾಯ ವ್ಯವಸ್ಥೆ ಮತ್ತು ಭೂದಾಖಲೆಗಳ ಇಲಾಖೆ 2023ರಲ್ಲಿ 2000 ಪರವಾನಗಿ ಭೂಮಾಪಕರಿಗಾಗಿ ಅರ್ಜಿ ಕರೆಯಿತು. ವಿಜ್ಞಾನ ವಿಭಾಗದ ಪಿಯುಸಿಯಲ್ಲಿ ಗಣಿತಕ್ಕೆ ಕನಿಷ್ಠ ಶೇ. 60 ಅಂಕ, ಇಲ್ಲವೇ ಸಿವಿಲ್ ಎಂಜಿನಿಯರಿಂಗ್ ಪದವಿ ಅಥವಾ ಡಿಪ್ಲೊಮಾ, ಇಲ್ಲವೇ ಐಟಿಐಯ ಸರ್ವೆಯರ್ ಟ್ರೇಡ್, ಇವುಗಳಲ್ಲಿ ಯಾವುದಾದರೊಂದು ಇದ್ದರೆ ಸಾಕಿತ್ತು. ವಯಸ್ಸು 18ರಿಂದ 65ರವರೆಗೆ. ಆಯ್ಕೆಯಾದವರಿಗೆ ತಿಂಗಳುಗಳ ಲೆಕ್ಕದ ತರಬೇತಿ, ಅನಂತರ ಪರವಾನಗಿ. ಅನುಭವಿ ಭೂಮಾಪಕರೊಬ್ಬರ ಕೈಕೆಳಗೆ ಇಷ್ಟು ಕಾಲ ದುಡಿದಿರಬೇಕೆಂಬ ಷರತ್ತು ಅರ್ಹತೆಯ ಪಟ್ಟಿಯಲ್ಲಿ ಇರಲಿಲ್ಲ.

ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯ 1891ರಿಂದಲೇ ಭೂಮಾಪಕರಿಗೆ ಪರವಾನಗಿ ಕೊಡುತ್ತ ಬಂದಿದೆ. ಆ ದೇಶದಲ್ಲಿ ಹೀಗೆ ಮೊದಲು ಮಾಡಿದ ರಾಜ್ಯ ಅದೇ. ಅಲ್ಲಿ ಭೂಮಾಪನ ಪ್ರಧಾನವಾದ ನಾಲ್ಕು ವರ್ಷದ ಪದವಿ ಪಡೆದವರೂ ಮತ್ತೆ ಎರಡು ವರ್ಷ ಕೆಲಸ ಮಾಡಿರಬೇಕು. ಪದವಿ ಇಲ್ಲದವರಿಗೆ ಆರು ವರ್ಷ. ಇದರೊಳಗೆ ಒಂದು ವರ್ಷ ಬಯಲಿನಲ್ಲಿ, ಒಂದು ವರ್ಷ ಕಚೇರಿಯಲ್ಲಿ ಹೊಣೆಗಾರಿಕೆಯ ಕೆಲಸ ಮಾಡಿದ್ದನ್ನು ಬಲ್ಲವರು ದೃಢೀಕರಿಸಬೇಕು. ಇದರ ಜೊತೆಗೆ ರಾಷ್ಟ್ರಮಟ್ಟದ ಎರಡು ಪರೀಕ್ಷೆಗಳಿವೆ: ಮೊದಲನೆಯದು 110 ಪ್ರಶ್ನೆಗಳದ್ದು, ಎರಡನೆಯದು 100 ಪ್ರಶ್ನೆಗಳದ್ದು. ಆ ರಾಜ್ಯದ ಕಾನೂನನ್ನೇ ಕುರಿತ ಪರೀಕ್ಷೆ ಬೇರೆ.

ಎರಡನ್ನೂ ಅಕ್ಕಪಕ್ಕ ಇಟ್ಟು ಅಲ್ಲಿ ಬಿಗಿ, ಇಲ್ಲಿ ಸಡಿಲ ಎಂದು ತೀರ್ಮಾನಿಸುವುದು ಸುಲಭ. ಆ ತೀರ್ಮಾನ ಸರಿಯಲ್ಲವೆಂಬುದು ಈ ಲೇಖನದ ವಾದ. ಎರಡು ಪರವಾನಗಿಗಳು ಕೊಡುವ ಅಧಿಕಾರವೇ ಬೇರೆ ಬೇರೆ. ಕ್ಯಾಲಿಫೋರ್ನಿಯದ ಭೂಮಾಪಕ ತನ್ನ ಸಹಿ, ಮೊಹರಿನ ಕೆಳಗೆ ಗಡಿ ಎಲ್ಲಿದೆ ಎಂದು ಹೇಳುತ್ತಾನೆ, ತಪ್ಪಿದರೆ ತಾನೇ ಉತ್ತರ ಕೊಡುತ್ತಾನೆ. ಕರ್ನಾಟಕದ ಪರವಾನಗಿ ಭೂಮಾಪಕ ಅಳೆದು ನಕ್ಷೆ ಸಿದ್ಧಪಡಿಸುತ್ತಾನೆ. ಅದನ್ನು ಪರಿಶೀಲಿಸಿ ಒಪ್ಪುವುದು ಇಲಾಖೆಯ ಅಧಿಕಾರಿಗಳ ಕೆಲಸ. ಒಂದು ಗಡಿ ಹೇಳುವ ಪರವಾನಗಿ, ಇನ್ನೊಂದು ಅಳೆಯುವ ಪರವಾನಗಿ. ಆದರೆ ನಮ್ಮ ಹೊಲಗದ್ದೆಗಳಲ್ಲಿ ಈ ಎರಡು ಕೆಲಸಗಳನ್ನು ಬಿಡಿಸಿ ಇಡಲು ಆಗುತ್ತದೆಯೇ? ಆಗದಿದ್ದರೆ ತರಬೇತಿಯ ನಿಯಮಗಳು ಯಾವ ಕೆಲಸವನ್ನು ಮನಸ್ಸಿನಲ್ಲಿಟ್ಟುಕೊಂಡು ರೂಪುಗೊಳ್ಳಬೇಕು?

ಹಳೆಯ ಅಪ್ರೆಂಟಿಸರು

ದಕ್ಷಿಣ ಭಾರತದಲ್ಲಿ ಭೂಮಾಪನದ ಕಲಿಕೆ ಶುರುವಾದದ್ದೇ ಅಪ್ರೆಂಟಿಸ್ ಪದ್ಧತಿಯಿಂದ. ಈಸ್ಟ್ ಇಂಡಿಯಾ ಕಂಪನಿಯ ಖಗೋಳಜ್ಞ ಮೈಕೆಲ್ ಟಾಪಿಂಗ್ 1794ರಲ್ಲಿ ಮದರಾಸಿನಲ್ಲಿ ಸರ್ವೆ ಶಾಲೆಯೊಂದನ್ನು ತೆರೆದ. ಸೇರಿದವರು ಅಲ್ಲಿನ ಅನಾಥಾಲಯದ ಹುಡುಗರು. ವೀಕ್ಷಣಾಲಯದಲ್ಲಿ ಗಣಿತ, ನಕ್ಷೆ ಬರೆಯುವುದು, ಉಪಕರಣ ಹಿಡಿಯುವುದು ಇಷ್ಟನ್ನು ಕಲಿಸಿ ಹದಿಹರೆಯದಲ್ಲೇ ಅವರನ್ನು ಸರ್ವೆ ತಂಡಗಳ ಜೊತೆ ಬಯಲಿಗೆ ಕಳಿಸುತ್ತಿದ್ದರು. ಟಿಪ್ಪುವಿನ ಪತನದ ನಂತರ ಕಾಲಿನ್ ಮೆಕೆಂಜಿ ಮೈಸೂರು ಸೀಮೆಯ ಸರ್ವೆಗೆ ಹೊರಟಾಗ ಅವನ ಕೈಕೆಳಗಿದ್ದವರಲ್ಲಿ ಈ ಶಾಲೆಯ ಹುಡುಗರು ಹಲವರು. ಅವರಲ್ಲೊಬ್ಬ ಬೆಂಜಮಿನ್ ಸ್ವೇನ್ ವಾರ್ಡ್, ಮುಂದೆ ಕಾನರ್ ಎಂಬ ಅಧಿಕಾರಿಯ ಜೊತೆಗೂಡಿ ತಿರುವಾಂಕೂರಿನ ಸರ್ವೆ ಮಾಡಿದವನು. ವಿಲಿಯಂ ಲ್ಯಾಂಬ್ಟನ್ನನ ತ್ರಿಕೋನಮಿತಿ ಸರ್ವೆಯಲ್ಲಿ ದೀರ್ಘಕಾಲ ದುಡಿದ ಜೋಶುವಾ ಡಿ ಪೆನಿಂಗ್ ಕೂಡ ಅದೇ ಶಾಲೆಯವನು. ಶಾಲೆ ಬೆಳೆದು ಇಂದಿನ ಗಿಂಡಿ ಎಂಜಿನಿಯರಿಂಗ್ ಕಾಲೇಜಾಯಿತು. ಕಲಿಕೆಯ ಕೇಂದ್ರ ಬಯಲಿನಿಂದ ತರಗತಿಯ ಕೋಣೆಗೆ ಸರಿದದ್ದರ ಚರಿತ್ರೆಯನ್ನು ಈ ಒಂದು ಸಂಸ್ಥೆಯ ಬೆಳವಣಿಗೆಯಲ್ಲೇ ಕಾಣಬಹುದು.

ಮೆಕೆಂಜಿಯದು ಸೀಮೆಯ ಸ್ವರೂಪ ತಿಳಿಯುವ ಸರ್ವೆ, ರೈತನ ಬದು ಗುರುತಿಸುವ ಸರ್ವೆಯಲ್ಲ. ಈಗಿನ ದಾಖಲೆಗಳಿಗೆ ತಳಪಾಯ ಬಿದ್ದದ್ದು ಕಂದಾಯ ಸರ್ವೆಯಿಂದ. ಮುಂಬಯಿ ಪ್ರಾಂತದಲ್ಲಿ ಗೋಲ್ಡ್‌ಸ್ಮಿಡ್, ವಿಂಗೇಟ್, ಡೇವಿಡ್‌ಸನ್ ಮೂವರೂ ಸೇರಿ 1847ರಲ್ಲಿ ಸಲ್ಲಿಸಿದ ಜಂಟಿ ವರದಿ ಅದರ ನಿಯಮಗಳಿಗೆ ಸ್ಥಿರ ರೂಪ ಕೊಟ್ಟಿತು. ಧಾರವಾಡದ ಕಡೆ ವಿಂಗೇಟನ ಸರ್ವೆ ಅದಕ್ಕೂ ಮೊದಲೇ ನಡೆದಿತ್ತು. ಬ್ರಿಟಿಷ್ ಕಮಿಷನರರ ಆಡಳಿತದಲ್ಲಿದ್ದ ಮೈಸೂರು 1863ರಲ್ಲಿ ಅದೇ ಪದ್ಧತಿಯನ್ನು ತನ್ನದಾಗಿಸಿಕೊಂಡಿತು. ಆ ಸರ್ವೆಯ ಅಳತೆಗಾರರು ಕೆಲಸ ಕಲಿತದ್ದು ಬಹುಮಟ್ಟಿಗೆ ಸರಪಳಿ ಹಿಡಿದೇ. ಅವರು ಬಿಟ್ಟುಹೋದ ಟಿಪ್ಪಣಿ, ಪಕ್ಕಾ ಬುಕ್, ಆಕಾರಬಂದ್, ಗ್ರಾಮ ನಕಾಶೆಗಳನ್ನೇ ಇಂದಿನ ಭೂಮಾಪಕನೂ ಕೈಯಲ್ಲಿ ಹಿಡಿದು ಹೊಲಕ್ಕೆ ಹೋಗಬೇಕು.

ಒಂದು ಆಣೆಯ ಲೆಕ್ಕ

ಭೂಮಾಪಕನಾಗಲು ಗಣಿತ ಬೇಕು ಎಂಬುದರಲ್ಲಿ ತಕರಾರಿಲ್ಲ. ಎಷ್ಟು ಗಣಿತ ಎಂದು ಕೇಳಿದರೆ, ಹಳೆಯ ದಾಖಲೆ ಓದುವ ಮಟ್ಟಿಗೆ ಬೇಕಾದದ್ದು ಹೈಸ್ಕೂಲಿನ ಗಣಿತ. ಮುಂಬಯಿ ಪದ್ಧತಿಯ ಸರಪಳಿ 33 ಅಡಿ, ಅದಕ್ಕೆ 16 ಆಣೆ. ಒಂದು ಸರಪಳಿ ಚೌಕವೆಂದರೆ 1089 ಚದರ ಅಡಿ, ಅದೇ ಒಂದು ಗುಂಟೆ, ಅದಕ್ಕೂ 16 ಆಣೆ. ನಲವತ್ತು ಗುಂಟೆಗೆ ಎಕರೆ. ಹೊಲದ ನಡುವೆ ಆಧಾರ ರೇಖೆ ಎಳೆದು, ಕ್ರಾಸ್ ಸ್ಟಾಫ್ ನೆಟ್ಟು, ಬದುವಿನ ತಿರುವು ತಿರುವಿಗೂ ಲಂಬವಾಗಿ ಅಡ್ಡಳತೆ ತೆಗೆದು ಟಿಪ್ಪಣಿಯಲ್ಲಿ ಬರೆಯುತ್ತಿದ್ದರು. ಟಿಪ್ಪಣಿಯ ಚಿತ್ರ ಕೈಬರಹದ್ದು, ಸ್ಕೇಲಿಗೆ ಬರೆದದ್ದಲ್ಲ. ಅದರಲ್ಲಿ ನಂಬಬೇಕಾದದ್ದು ಅಂಕಿಗಳನ್ನು ಮಾತ್ರ.

ತೊಡಕು ಎದುರಾಗುವುದು ಆ ಅಂಕಿಗಳಲ್ಲೇ. ಉದ್ದದ ಒಂದು ಆಣೆ ಎಂದರೆ ಎರಡು ಅಡಿಗಿಂತ ತುಸು ಹೆಚ್ಚು. ಅಳತೆಯನ್ನು ಆಣೆಗೆ ಸರಿಹೊಂದಿಸಿ ಬರೆದಿದ್ದರೆ ಅಡ್ಡಳತೆಯೊಂದರಲ್ಲಿ ಒಂದಡಿಯ ವ್ಯತ್ಯಾಸ ಮೊದಲ ದಿನದಿಂದಲೇ ಕೂತಿರಬಹುದು. ಹತ್ತು ಸರಪಳಿ ಉದ್ದದ ಬದುವಿನಲ್ಲಿ ಅಗಲ ಒಂದು ಆಣೆ ಹೆಚ್ಚುಕಡಿಮೆಯಾದರೆ ವಿಸ್ತೀರ್ಣದಲ್ಲಿ ಹತ್ತು ಆಣೆ ಆಚೀಚೆಯಾಗುತ್ತದೆ, ಅಂದರೆ ಸುಮಾರು 680 ಚದರ ಅಡಿ. ರಾಗಿ ಬೆಳೆಯುವ ಹೊಲದಲ್ಲಿ ಅದು ಯಾರ ಕಣ್ಣಿಗೂ ಬೀಳದು. ಹೊಲದ ಪಕ್ಕ ಬಡಾವಣೆ ಬಂದರೆ ಅದೇ 20×30 ನಿವೇಶನಕ್ಕಿಂತ ದೊಡ್ಡದು.

ಈಗ ಭೂಮಾಪಕನ ಕೈಯಲ್ಲಿ ಉಪಗ್ರಹ ಸಂಕೇತ ಹಿಡಿಯುವ ರೋವರ್ ಇದೆ; ಅದು ಸೆಂಟಿಮೀಟರ್ ಲೆಕ್ಕದಲ್ಲಿ ಸ್ಥಾನ ತೋರಿಸುತ್ತದೆ. ಎರಡು ಅಡಿಯ ಆಣೆಯಲ್ಲಿ ಬರೆದಿಟ್ಟ ಗಡಿಯನ್ನು ಸೆಂಟಿಮೀಟರಿನಲ್ಲಿ ಹುಡುಕುವವನಿಗೆ ಪ್ರತಿ ಹೊಲದಲ್ಲೂ ವ್ಯತ್ಯಾಸ ಕಂಡೇ ಕಾಣುತ್ತದೆ. ಕಂಡ ವ್ಯತ್ಯಾಸ ಒತ್ತುವರಿಯೋ, ಹಳೆಯ ಅಳತೆಯ ಒರಟುತನವೋ, ಹಿಂದಿನ ಯಾವುದೋ ಪೋಡಿಯಲ್ಲಿ, ಅಂದರೆ ಸರ್ವೆ ನಂಬರಿನ ವಿಭಜನೆಯಲ್ಲಿ, ಆದ ತಪ್ಪೋ? ಬಾಂದು ಕಲ್ಲು ಕಿತ್ತು ಬೇರೆ ಕಡೆ ನೆಟ್ಟಿದ್ದಾರೆಯೇ? ಪಕ್ಕದ ಸರ್ವೆ ನಂಬರಿನ ಟಿಪ್ಪಣಿ ಇದೇ ಬದುವಿಗೆ ಬೇರೆ ಅಂಕಿ ಕೊಡುತ್ತಿದೆಯೇ? ಕೊಡುತ್ತಿದ್ದರೆ ಯಾವುದನ್ನು ಹಿಡಿಯಬೇಕು? ಪಹಣಿಯಲ್ಲಿನ ಹಿಸ್ಸೆಗಳ ಮೊತ್ತ ಆಕಾರಬಂದಿನ ವಿಸ್ತೀರ್ಣಕ್ಕೆ ಹೊಂದದೆ ಇದ್ದಾಗ ಕೊರತೆ ಯಾರ ಪಾಲಿಗೆ? ದಸ್ತಾವೇಜಿನಲ್ಲಿ ವಿಸ್ತೀರ್ಣ ಒಂದು ಹೇಳಿ ಚಕ್ಕುಬಂದಿ (ನಾಲ್ಕೂ ಕಡೆಯ ಗಡಿಯ ವಿವರ) ಇನ್ನೊಂದು ಹೇಳಿದರೆ ನ್ಯಾಯಾಲಯಗಳು ಸಾಮಾನ್ಯವಾಗಿ ಚಕ್ಕುಬಂದಿಯ ಕಡೆ ವಾಲುತ್ತವೆಂಬುದು ಅವನಿಗೆ ಗೊತ್ತಿದೆಯೇ? ಪಿಯುಸಿ ಗಣಿತದ ಅಂಕಪಟ್ಟಿ ಇವುಗಳಲ್ಲಿ ಒಂದಕ್ಕೂ ಉತ್ತರ ಕೊಡದು. ಐಟಿಐಯ ಎರಡು ವರ್ಷದ ಸರ್ವೆಯರ್ ಟ್ರೇಡ್ ಪ್ಲೇನ್ ಟೇಬಲ್, ಥಿಯೊಡೊಲೈಟ್, ಟೋಟಲ್ ಸ್ಟೇಷನ್‌ಗಳನ್ನು ಚೆನ್ನಾಗಿಯೇ ಕಲಿಸುತ್ತದೆ. ಆದರೆ ದೇಶಕ್ಕೆಲ್ಲ ಒಂದೇ ಪಠ್ಯಕ್ರಮವಾದ್ದರಿಂದ ಹಿಸ್ಸಾ ಟಿಪ್ಪಣಿ ಓದುವುದು ಅದರ ಹೊರಗೇ ಉಳಿಯುತ್ತದೆ. ಸಿವಿಲ್ ಪದವೀಧರ ಕಲಿತಿರುವುದು ಹೊಸ ಗೆರೆ ಹಾಕುವುದನ್ನು; ಹಳೆಯ ಗೆರೆ ಎಲ್ಲಿತ್ತೆಂದು ಪತ್ತೆಹಚ್ಚುವುದು ಬೇರೆಯದೇ ವಿದ್ಯೆ. ಕ್ಯಾಲಿಫೋರ್ನಿಯಕ್ಕೂ ಇದು ಅರಿವಾದದ್ದು ತಡವಾಗಿ. ಅಲ್ಲಿ ಸಿವಿಲ್ ಎಂಜಿನಿಯರಿಗೆ ಭೂಮಾಪನದ ಅಧಿಕಾರ ತಾನಾಗಿ ಬರುತ್ತಿತ್ತು. 1982ರಿಂದೀಚೆಗೆ ಪರವಾನಗಿ ಪಡೆದ ಎಂಜಿನಿಯರುಗಳಿಗೆ ಅದು ಇಲ್ಲ.

ಕರ್ನಾಟಕದ ಮಟ್ಟಿಗೆ ತೊಡಕು ಇನ್ನೊಂದಿದೆ, ನನ್ನ ದೃಷ್ಟಿಯಲ್ಲಿ ಇದೇ ಹೆಚ್ಚು ಮುಖ್ಯವಾದದ್ದು. ಏಕೀಕರಣದಲ್ಲಿ ಜಿಲ್ಲೆಗಳ ಜೊತೆ ಅವುಗಳ ದಾಖಲೆ ಪದ್ಧತಿಗಳೂ ಬಂದವು. ಹಳೆಯ ಮೈಸೂರು ಮತ್ತು ಮುಂಬಯಿ ಕರ್ನಾಟಕದಲ್ಲಿ ಗುಂಟೆ-ಆಣೆಯ ಟಿಪ್ಪಣಿ. ಮದರಾಸು ಪ್ರಾಂತದಲ್ಲಿದ್ದ ದಕ್ಷಿಣ ಕನ್ನಡದಲ್ಲಿ ಎಕರೆ-ಸೆಂಟ್ಸ್, ಅಲ್ಲಿ ಓದಬೇಕಾದದ್ದು ಹೊಲದ ಅಳತೆ ಪುಸ್ತಕವಾದ ಎಫ್‌ಎಂಬಿ. ಅದರ ಹಿಂದಿರುವ ಸರಪಳಿ 66 ಅಡಿಯದು, ನೂರು ಲಿಂಕಿನದು. ನಿಜಾಮನ ಆಡಳಿತದಲ್ಲಿದ್ದ ಕಲಬುರಗಿ ಸೀಮೆಯ ದಾಖಲೆಗಳ ಹಾದಿ ಬೇರೆ. ಕೊಡಗಿಗೆ ಹೋದರೆ ಜಮ್ಮಾ ಎಂಬ ವಂಶಪಾರಂಪರ್ಯ ಹಿಡುವಳಿ. ಕರಾವಳಿಯಲ್ಲಿ ವರ್ಗ ಜಮೀನಿಗೆ ಹೊಂದಿಕೊಂಡ ಸರ್ಕಾರಿ ಭೂಮಿಯಲ್ಲಿ 450 ಗಜದವರೆಗೆ ಸೊಪ್ಪು, ಸೌದೆ ಪಡೆಯುವ ಕುಮ್ಕಿ ಸವಲತ್ತು ಇರುವುದನ್ನು ಅರಿಯದವನು ಗಡಿಯ ಹೊರಗಿನ ಸೊಪ್ಪಿನ ಗುಡ್ಡವನ್ನು ಸೀದಾ ಒತ್ತುವರಿ ಎಂದು ಬರೆದುಬಿಡಬಹುದು. ತುಮಕೂರಿನಲ್ಲಿ ಕೈ ಪಳಗಿದ ಭೂಮಾಪಕ ಬೆಳ್ತಂಗಡಿಯಲ್ಲಿ ಬಹಳ ಮಟ್ಟಿಗೆ ಮತ್ತೆ ವಿದ್ಯಾರ್ಥಿ. ಪರವಾನಗಿಯ ಅರ್ಹತೆಯೋ ಇಡೀ ರಾಜ್ಯಕ್ಕೆ ಒಂದೇ.

ನ್ಯಾಯಾಧೀಶನಂಥ ಕೆಲಸ

ಮಿಷಿಗನ್ ರಾಜ್ಯದ ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಥಾಮಸ್ ಕೂಲಿ 1881ರಲ್ಲಿ ಭೂಮಾಪಕರ ನ್ಯಾಯಿಕ ಹೊಣೆಯನ್ನು ಕುರಿತು ಬರೆದದ್ದನ್ನು ಅಲ್ಲಿನ ವೃತ್ತಿಯವರು ಇಂದಿಗೂ ಓದುತ್ತಾರೆ. ಮೂಲ ಗುರುತು ಕಳೆದುಹೋದಾಗ ಅದು ಎಲ್ಲಿರಬೇಕಿತ್ತು ಎಂಬುದು ಭೂಮಾಪಕನಿಗೆ ಬೇಡ, ಎಲ್ಲಿತ್ತು ಎಂಬುದನ್ನು ಸಾಕ್ಷ್ಯಗಳಿಂದ ಕಂಡುಹಿಡಿಯಬೇಕು. ನೆರೆಹೊರೆಯವರು ಬಹುಕಾಲ ಒಪ್ಪಿ ಬಾಳಿದ ಬೇಲಿಯನ್ನು ತನ್ನ ನಿಖರ ಅಳತೆಯ ಹೆಸರಿನಲ್ಲಿ ಕದಲಿಸಹೊರಟರೆ ಅವನು ಜಗಳ ಬಿತ್ತುತ್ತಾನೆ, ಇದು ಕೂಲಿಯ ವಾದದ ತಿರುಳು. ಅಮೆರಿಕದ ಸಾರ್ವಜನಿಕ ಭೂಮಿಯನ್ನು ಆರು ಮೈಲಿ ಚೌಕಗಳಾಗಿ ಕತ್ತರಿಸಿದ ಮೊದಲ ಸರ್ವೆಯಲ್ಲಿ ತಪ್ಪುಗಳು ತುಂಬಿದ್ದವು. ಹಾಗಿದ್ದೂ ಆಗ ನೆಟ್ಟ ಗುರುತೇ ಕಾನೂನಿನ ಗಡಿ. ಈ ಹಿನ್ನೆಲೆಯಲ್ಲಿ ಕ್ಯಾಲಿಫೋರ್ನಿಯದ ನಿಯಮ ಬಯಲಿನ ವರ್ಷವನ್ನೂ ಕಚೇರಿಯ ವರ್ಷವನ್ನೂ ಬೇರೆ ಬೇರೆಯಾಗಿ ಕೇಳುವುದು ಅರ್ಥವಾಗುತ್ತದೆ. ಕಲ್ಲು ಹುಡುಕುವುದು ಒಂದು ಕೆಲಸ. ಹಳೆಯ ಕ್ರಯಪತ್ರ, ಹಳೆಯ ಸರ್ವೆ ಪುಸ್ತಕ ಎದುರಿಗಿಟ್ಟುಕೊಂಡು ಸಿಕ್ಕ ಕಲ್ಲಿನ ಯೋಗ್ಯತೆ ತೂಗುವುದು ಮತ್ತೊಂದು. ಇನ್ನೊಬ್ಬರ ಕೈಕೆಳಗೆ ವರ್ಷಗಟ್ಟಲೆ ಇರಬೇಕೆಂಬ ಷರತ್ತಿಗೆ ಕಾರಣ ಈ ತೂಗುವ ಕೆಲಸ. ಉಪಕರಣ ಕಲಿಯಲು ಅಷ್ಟು ಕಾಲ ಬೇಡ.

ನಮ್ಮಲ್ಲಿ ಈ ತೂಕದ ಕೆಲಸವನ್ನು ಕಾನೂನು ಇಲಾಖೆಗೆ ಒಪ್ಪಿಸಿದೆ. 1964ರ ಭೂಕಂದಾಯ ಅಧಿನಿಯಮದಡಿ ಗಡಿ ತಕರಾರು ತೀರ್ಮಾನಿಸುವವರು ಅಧಿಕಾರಿಗಳು. ಸರ್ವೆ ನಂಬರಿನ ಒಂದು ಭಾಗ ಮಾರಲು ಬೇಕಾದ 11ಇ ನಕ್ಷೆಗೆ ರೈತ ಅರ್ಜಿ ಹಾಕಿದರೆ ಅದು ಮೋಜಿಣಿ ತಂತ್ರಾಂಶದ ಮೂಲಕ ಭೂಮಾಪಕನಿಗೆ ಹಂಚಿಕೆಯಾಗುತ್ತದೆ. ಅವನು ಅಕ್ಕಪಕ್ಕದವರಿಗೆ ನೋಟಿಸು ಕೊಟ್ಟು, ಅಳೆದು, ಹೇಳಿಕೆ ಬರೆದುಕೊಂಡು ನಕ್ಷೆ ಸಲ್ಲಿಸುತ್ತಾನೆ. ಅದು ಮೇಲ್ವಿಚಾರಕರ ಮೇಜಿಗೆ ಹೋಗಿ ಒಪ್ಪಿಗೆ ಪಡೆಯುತ್ತದೆ. ಕಾಗದದ ಮೇಲೆ ವ್ಯವಸ್ಥೆ ಅಚ್ಚುಕಟ್ಟು. ಹೊಲದಲ್ಲಿ ನಿಂತವನು ಪರವಾನಗಿ ಭೂಮಾಪಕನೊಬ್ಬನೇ. ಸವೆದ ಬಾಂದನ್ನು ನೋಡಿದವನು, ಮುದುಕರ ಮಾತು ಕೇಳಿದವನು, ಎರಡು ಟಿಪ್ಪಣಿಗಳಲ್ಲಿ ಒಂದನ್ನು ಹಿಡಿದು ಅಳತೆ ಶುರುಮಾಡಿದವನು ಅವನೇ. ಮೇಜಿನ ಮುಂದೆ ಕೂತ ಮೇಲ್ವಿಚಾರಕರಿಗೆ ಕಾಣುವುದು ಅವನ ಆಯ್ಕೆಯ ಫಲ ಮಾತ್ರ, ಅವನು ಬಿಟ್ಟದ್ದು ಕಾಣುವುದಿಲ್ಲ. ಹೀಗಾಗಿ ಅಳೆಯುವ ಪರವಾನಗಿ ಪಡೆದವನು ದಿನವೂ ಗಡಿ ಹೇಳುತ್ತಿದ್ದಾನೆ. ಹೇಳುತ್ತಿರುವುದಕ್ಕೆ ಹೆಸರು ಇಲ್ಲ, ಅಷ್ಟೆ.

2022ರಲ್ಲಿ ಬಂದ ‘ಸ್ವಾವಲಂಬಿ’ ಆ್ಯಪ್ ಅಳೆಯುವುದೇ ಬೇರೆ, ಗಡಿ ಹೇಳುವುದೇ ಬೇರೆ ಎಂಬ ಗ್ರಹಿಕೆಯನ್ನು ಅದರ ಕೊನೆಯವರೆಗೆ ಒಯ್ದಿತು. ಜಮೀನಿನ ಒಡೆಯನೇ ತನ್ನ ನಕ್ಷೆ ಬರೆದು ಸಲ್ಲಿಸಬಹುದು ಎಂಬುದು ಅದರ ಕಲ್ಪನೆ. ಅಣ್ಣತಮ್ಮಂದಿರು ಒಪ್ಪಿ ಮಾಡಿಕೊಳ್ಳುವ ಪಾಲಿಗೆ ಅದರಿಂದ ಅನುಕೂಲ ಖಂಡಿತ ಇದೆ. ಅಳತೆಯೆಂಬುದು ಬರೀ ಗೆರೆ ಎಳೆಯುವ ಕೆಲಸವಾಗಿದ್ದರೆ ಅಲ್ಲಿ ಭೂಮಾಪಕನೂ ಬೇಡ, ನಿಜ. ಹೊರಗಿನ ಗಡಿಯೇ ತಕರಾರಿನಲ್ಲಿದ್ದರೆ ಒಳಗಿನ ಪಾಲುಗೆರೆ ಎಷ್ಟು ಒಪ್ಪಿತವಾಗಿದ್ದರೂ ಪ್ರಯೋಜನವಿಲ್ಲ ಎಂಬುದು ಮಾತ್ರ ಹಾಗೇ ಉಳಿಯುತ್ತದೆ.

ಪಿಯುಸಿ ಮುಗಿಸಿದ ಹಳ್ಳಿಯ ಹುಡುಗ ಹುಡುಗಿಯರಿಗೆ ಈ ವೃತ್ತಿ ತೆರೆದಿರುವುದು ಒಳ್ಳೆಯದೇ; ಅರ್ಹತೆಯನ್ನು ಪದವಿಗೆ ಏರಿಸಿದರೆ ಟಿಪ್ಪಣಿ ಓದುವವರ ಸಂಖ್ಯೆ ಹೆಚ್ಚುವುದಿಲ್ಲ. ಬದಲಿಸಬೇಕಾದದ್ದು ಪರವಾನಗಿಯ ನಂತರದ ಮೊದಲ ವರ್ಷಗಳನ್ನು. ಹೊಸಬರಿಗೆ ಮೊದಲು ಜಗಳವಿಲ್ಲದ 11ಇ ಕಡತಗಳು, ಅನಂತರ ಪೋಡಿ, ಕೊನೆಗೆ ಗಡಿ ಗುರುತಿಸಿಕೊಡುವ ಹದ್ದುಬಸ್ತು, ಹೀಗೆ ಮೆಟ್ಟಿಲು ಕಟ್ಟಬಹುದು. ಪ್ರತಿ ಮೆಟ್ಟಿಲಿನಲ್ಲೂ ಹಿರಿಯ ಭೂಮಾಪಕರೊಬ್ಬರು ಜೊತೆಗೆ ಹೊಲಕ್ಕೆ ಹೋಗಿ ಸಹಿ ಮಾಡಿದ ಕಡತಗಳ ದಾಖಲೆ ಇರಬೇಕು. ಮೋಜಿಣಿಯಲ್ಲಿ ಪ್ರತಿ ಕಡತದ ಜಾಡು ಈಗಾಗಲೇ ಇರುವುದರಿಂದ ಇದಕ್ಕೆ ಹೊಸ ವ್ಯವಸ್ಥೆ ಬೇಕಾಗದು. ಪರೀಕ್ಷೆಯಲ್ಲಿ ತ್ರಿಕೋನಮಿತಿಯ ಲೆಕ್ಕ ಕಡಿಮೆಯಾದರೂ ಚಿಂತೆಯಿಲ್ಲ, ಒಂದೇ ಬದುವಿಗೆ ಎರಡು ಅಂಕಿ ಕೊಡುವ ಎರಡು ಟಿಪ್ಪಣಿಗಳನ್ನು ಮುಂದಿಟ್ಟು ಕಾರಣ ಸಹಿತ ಆಯ್ಕೆ ಮಾಡಲು ಹೇಳಬೇಕು. ದಕ್ಷಿಣ ಕನ್ನಡಕ್ಕೆ ಹೋಗುವವರಿಗೆ ಎಫ್‌ಎಂಬಿಯ ಪ್ರಶ್ನೆಪತ್ರಿಕೆಯೇ ಬೇರೆ ಇರಬೇಕು. 65 ವರ್ಷದ ವಯೋಮಿತಿಯಿಂದ ನಿವೃತ್ತ ಸರ್ವೆಯರುಗಳೂ ಪರವಾನಗಿ ಪಡೆಯಲು ಅವಕಾಶವಿದೆ. ಗುರುಗಳಾಗಬಲ್ಲವರು ಅವರೇ, ಆದರೆ ಈಗ ಅವರು ಹೊಸಬರ ಜೊತೆ ಅದೇ ಕಡತಗಳಿಗೆ ಸ್ಪರ್ಧಿಗಳು. ಪರವಾನಗಿ ಭೂಮಾಪಕರಿಗೆ ಸಂಬಳವಿಲ್ಲ, ಮುಗಿಸಿದ ಕಡತಕ್ಕೆ ಇಷ್ಟು ಎಂಬ ಸಂಭಾವನೆ. ಕಲಿಸುವುದಕ್ಕೆಂದು ಹೊಲದಲ್ಲಿ ಕಳೆದ ಅರ್ಧ ದಿನಕ್ಕೆ ಆ ದರಪಟ್ಟಿಯಲ್ಲಿ ಒಂದು ಸಾಲು ಸೇರುವವರೆಗೆ ಯಾವ ಹಿರಿಯರೂ ಇನ್ನೊಬ್ಬರನ್ನು ಜೊತೆಗೆ ಕರೆದೊಯ್ಯಲಾರರು.